ಹಾಲಮ್ಮನ ಮುಖ ಹುಡುಕಿಕೊಂಡು ಅಲೆಕ್ಸಾಂಡ್ರಿಯಾಕ್ಕೆ

ಈಜಿಪ್ಟಿಗೆ ಹೋಗಿಬಂದವನು ಎಂದು ಗೊತ್ತಾದ ಕೂಡಲೇ ಶಿಕಾರಿಪುರದ ಜನ ಕೇಳುವುದು ಒಂದೇ ಪ್ರಶ್ನೆ: "ಪಿರಮಿಡ್ಡು ನೋಡಿದ್ರೇನ್ರಿ ಮೇಷ್ಟ್ರೆ?" ನೋಡಲಿಲ್ಲ. ನಾಲ್ಕು ತಿಂಗಳು ಆ ದೇಶದಲ್ಲಿದ್ದು, ಕೈರೋ ಪಟ್ಟಣಕ್ಕೂ ಒಂದು ದಿನ ಹೋಗಿ, ಪಿರಮಿಡ್ ನೋಡದೆ ವಾಪಸು ಬಂದ ಪುಣ್ಯಾತ್ಮ ನಾನೊಬ್ಬನೇ ಇರಬೇಕು. ನಮ್ಮ ಹೈಸ್ಕೂಲಿನ ಹೆಡ್‌ಮಾಸ್ಟರು ಇದನ್ನು ಇನ್ನೂ ಕ್ಷಮಿಸಿಲ್ಲ. ನನ್ನ ಭಾಷಣಕ್ಕೆಂದು ಮಕ್ಕಳನ್ನೆಲ್ಲ ಅಂಗಳದಲ್ಲಿ ಕೂರಿಸಿದ್ದರು. ನಾನು ಜೇನುಮೇಣ ಕಾಯಿಸುವ ಬಗೆಯನ್ನು ಅರ್ಧ ಗಂಟೆ ಹೇಳಿ ಕೆಳಗಿಳಿದೆ.

ನಾನು ಹೋದದ್ದೇ ಅದಕ್ಕೆ. ಮೇಣವನ್ನು ಕರಗಿಸಿ, ಅದಕ್ಕೆ ಸ್ವಲ್ಪ ರಾಳ, ಬಣ್ಣದ ಪುಡಿ ಸೇರಿಸಿ, ಬಿಸಿಯಿರುವಾಗಲೇ ಹಲಗೆಯ ಮೇಲೆ ಚಿತ್ರ ಬರೆಯುವ ಒಂದು ಹಳೆಯ ವಿದ್ಯೆ ಇದೆ. ಅದನ್ನು ಕಲಿಯಲು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿತ್ತು. ಇನ್ನೂ ನಿಜ ಹೇಳಬೇಕೆಂದರೆ, ತೀರಿಹೋದ ಹೆಂಡತಿಯ ಮುಖವನ್ನು ಹೇಗಾದರೂ ಮಾಡಿ ಬರೆಯಬೇಕೆಂದು ಹೋದೆ. ಅರ್ಜಿಯಲ್ಲಿ ಇದನ್ನು ಬರೆಯಲು ಜಾಗವಿರಲಿಲ್ಲ.

ಹಾಲಮ್ಮ ಸೊರಬದ ಹುಡುಗಿ. ಶಿಕಾರಿಪುರದ ನಮ್ಮ ಮನೆಯಲ್ಲಿ ಮೂರು ವರ್ಷ ಬಾಳಿದಳು. ಮಗಳು ಗಿರಿಜ ಹುಟ್ಟಿ ಎಂಟು ತಿಂಗಳಿಗೆ ಜ್ವರ ಬಂದು ಹೋಗಿಬಿಟ್ಟಳು. ಅವಳದೊಂದು ಫೋಟೋ ಇಲ್ಲ. ಮದುವೆಗೆ ಫೋಟೋದವನು ಸಾಗರದಿಂದ ಬರಬೇಕಿತ್ತು, ಬರಲಿಲ್ಲ. ಶಿವಮೊಗ್ಗಕ್ಕೆ ಹೋದಾಗ ತೆಗೆಸೋಣವೆಂದುಕೊಂಡೆವು, ಇಬ್ಬರೂ ಜೊತೆಯಾಗಿ ಶಿವಮೊಗ್ಗಕ್ಕೆ ಹೋಗುವ ಸಂದರ್ಭವೇ ಒದಗಲಿಲ್ಲ. ಡ್ರಾಯಿಂಗ್ ಮೇಷ್ಟ್ರಾಗಿ ನಾನು ಊರಿನ ಶಾನುಭೋಗರು, ಡಾಕ್ಟರು, ಶಾಲೆಯ ಜವಾನ, ಎಲ್ಲರ ಚಿತ್ರ ಬರೆದಿದ್ದೇನೆ. ಆದರೆ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು ಬರೆಯುವುದೇ? ಅಪ್ಪ, ಅಣ್ಣ, ಅತ್ತಿಗೆ ಇರುವ ಮನೆಯಲ್ಲಿ? ಅಂಥ ಯೋಚನೆ ಆಗ ತಲೆಗೂ ಬರಲಿಲ್ಲ.

ಸೊರಬದ ಬಸ್ ಸ್ಟ್ಯಾಂಡು

ಗಿರಿಜ ಬೆಳೆಯುತ್ತಿರುವುದು ಸೊರಬದಲ್ಲಿ, ಅಜ್ಜಿಯ ಹತ್ತಿರ. ಹೊರಡುವ ಮುಂಚೆ ಅವಳನ್ನು ನೋಡಿ ಬರೋಣವೆಂದು ಹೋದೆ. ನಮ್ಮತ್ತೆ ಎಂದಿನಂತೆ ಅಡಿಗೆಮನೆಯ ಬಾಗಿಲ ಹಿಂದೆ ನಿಂತೇ ಮಾತಾಡಿದರು. ಅಳಿಯನ ಎದುರಿಗೆ ಬಂದು ನಿಲ್ಲುವ ಪದ್ಧತಿ ಅವರಿಗಿಲ್ಲ. ಎಂಟು ವರ್ಷದಿಂದ ನಾನು ಅವರನ್ನು ಬಲ್ಲದ್ದು ಬಳೆಯ ಸದ್ದಿನಿಂದ ಮತ್ತು ದನಿಯಿಂದ. "ದೂರದ ದಾರಿ, ಹುಷಾರಾಗಿ ಹೋಗ್ಬನ್ನಿ ಅಳಿಯಂದ್ರೆ" ಎಂದಿತು ಬಾಗಿಲು.

ಬಸ್ ಸ್ಟ್ಯಾಂಡಿನವರೆಗೂ ಗಿರಿಜ ನನ್ನ ಬೆರಳು ಹಿಡಿದುಕೊಂಡು ಬಂದಳು. ಭತ್ತದ ಮೂಟೆಗಳ ನಡುವೆ ಜಾಗ ಮಾಡಿಕೊಂಡು ನಿಂತಿದ್ದಾಗ ಕೇಳಿದಳು:

"ಅಪ್ಪಾ, ಅಲ್ಲಿ ಹೋದ್ರೆ ಅವ್ವನ ಚಿತ್ರ ಬರಿಯಾಕೆ ಬರುತ್ತಾ?"

"ಬರುತ್ತೆ."

"ಮತ್ತೆ ಇಲ್ಲೇ ಯಾಕೆ ಬರಲ್ಲ?"

ಆರು ವರ್ಷದ ಹುಡುಗಿಗೆ ಏನು ಹೇಳುವುದು? ಇಲ್ಲಿ ಕಾಗದದ ಮೇಲೆ ಎಷ್ಟೋ ಸಲ ಪ್ರಯತ್ನಿಸಿದ್ದೆ. ಬರೆದದ್ದೆಲ್ಲ ಯಾರೋ ಒಬ್ಬ ಹೆಂಗಸು ಆಗುತ್ತಿತ್ತೇ ಹೊರತು ಹಾಲಮ್ಮ ಆಗುತ್ತಿರಲಿಲ್ಲ. ಒಂದು ಹಳೆಯ ಪತ್ರಿಕೆಯಲ್ಲಿ ಈಜಿಪ್ಟಿನ ಮೇಣದ ಮುಖವೊಂದರ ಪಡಿಯಚ್ಚು ನೋಡಿ, ಆ ಹೆಂಗಸು ಈಗಲೇ ಮಾತಾಡುತ್ತಾಳೆ ಅನ್ನಿಸಿ, ತಪ್ಪು ನನ್ನದಲ್ಲ, ಜಲವರ್ಣದ್ದು ಎಂದು ತೀರ್ಮಾನಿಸಿದ್ದೆ. ಮೇಣ ಸಿಕ್ಕರೆ ಹಾಲಮ್ಮ ಸಿಗುತ್ತಾಳೆ ಎಂದು ಗಟ್ಟಿಯಾಗಿ ನಂಬಿದ್ದೆ. "ಬರ್ಕೊಂಡು ಬರ್ತೀನಿ" ಎಂದು ಬಸ್ಸು ಹತ್ತಿದೆ.

ಹಡಗು

ಬೊಂಬಾಯಿ ಬಿಟ್ಟ ಮೂರು ದಿನ ನಾನು ಸಮುದ್ರವನ್ನು ನೋಡಲಿಲ್ಲ, ಬಕೀಟು ನೋಡಿದೆ. ನಾಲ್ಕನೆಯ ದಿನ ಎದ್ದು ಕೂತಾಗ, ಕೆಳಗಿನ ಮಂಚದಲ್ಲಿದ್ದ ಗುಜರಾತಿ ವ್ಯಾಪಾರಿ ನಿಂಬೆಹಣ್ಣಿನ ಉಪ್ಪಿನಕಾಯಿ ಕೊಟ್ಟು ನನ್ನನ್ನು ಬದುಕಿಸಿದ. ಏಡನ್ನಿಗೆ ಹೊರಟವನು. ಹೊಟ್ಟೆ ತಹಬಂದಿಗೆ ಬಂದ ಮೇಲೆ ಕೋಟಿನ ಒಳಜೇಬಿನಿಂದ ಹೆಂಡತಿಯ ಫೋಟೋ ತೆಗೆದು ತೋರಿಸಿದ. ದುಂಡು ಮುಖ, ದೊಡ್ಡ ಕುಂಕುಮ, ಕ್ಯಾಮೆರಾ ಕಂಡು ಬೆದರಿದ ಕಣ್ಣು. ಅವನು ಅದನ್ನು ನೋಡುತ್ತಿದ್ದ ರೀತಿ ನೋಡಿ ನನಗೆ ಹೊಟ್ಟೆಕಿಚ್ಚಾಯಿತು.

"ನಿಮ್ಮವರದು?" ಎಂದ.

"ಪೆಟ್ಟಿಗೆಯ ತಳದಲ್ಲಿದೆ" ಎಂದುಬಿಟ್ಟೆ. ಏಡನ್ ಬರುವವರೆಗೂ ದಿನಕ್ಕೊಂದು ಸಲ ಅವನು ಪೆಟ್ಟಿಗೆ ತೆಗೆಯಿರಿ ಎನ್ನುವುದು, ನಾನು ಬೀಗದ ಕೈ ಹುಡುಕುವುದು. ಅವನು ಇಳಿದು ಹೋದಾಗ ಉಪ್ಪಿನಕಾಯಿಗಾಗಿ ದುಃಖವಾಯಿತು, ಉಳಿದಂತೆ ನೆಮ್ಮದಿಯಾಯಿತು.

ಅಲೆಕ್ಸಾಂಡ್ರಿಯಾ

ನನ್ನ ಗುರುಗಳು ಎಲೇನಿ ಎಂಬ ಗ್ರೀಕ್ ಹೆಂಗಸು. ಅರವತ್ತು ದಾಟಿದವರು, ಸಣಕಲು, ಬೆರಳ ತುದಿಗಳಲ್ಲೆಲ್ಲ ಸುಟ್ಟ ಕಲೆ. ಅಲೆಕ್ಸಾಂಡ್ರಿಯಾದಲ್ಲೇ ಹುಟ್ಟಿ ಬೆಳೆದವರು. ಸಮುದ್ರದ ಹತ್ತಿರ ಮೂರನೆಯ ಮಹಡಿಯಲ್ಲಿ ಅವರ ಮನೆ, ಅಲ್ಲೇ ಪಾಠ. ನಾನು ಡ್ರಾಯಿಂಗ್ ಮೇಷ್ಟ್ರು ಎಂದು ಎಷ್ಟು ಹೇಳಿದರೂ ಕೇಳದೆ ನನ್ನನ್ನು "ಪ್ರೊಫೆಸರ್" ಎಂದೇ ಕರೆದರು. ನಮ್ಮಿಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೇ ಆದ್ದರಿಂದ ಜಗಳವಾಡುವ ಹಾಗಿರಲಿಲ್ಲ.

ಆ ಊರಿನಲ್ಲಿ ತರಕಾರಿಗೆ ಯಾರೂ ಮಹಡಿ ಇಳಿಯುವುದಿಲ್ಲ. ಗಾಡಿಯವನು ಕೂಗಿದರೆ ಮೇಲಿನಿಂದ ಹಗ್ಗಕ್ಕೆ ಕಟ್ಟಿದ ಬುಟ್ಟಿ ಇಳಿಯುತ್ತದೆ. ಅವನು ಬದನೆಕಾಯಿ ತುಂಬುತ್ತಾನೆ, ಬುಟ್ಟಿ ಮೇಲಕ್ಕೆ ಹೋಗುತ್ತದೆ. ಬದನೆಕಾಯಿ ಹುಳುಕಾಗಿದ್ದರೆ ಬುಟ್ಟಿ ಬೈಗುಳದ ಸಮೇತ ಮತ್ತೆ ಇಳಿಯುತ್ತದೆ. ನಾನು ಪಾಠ ಬಿಟ್ಟು ಇದನ್ನೇ ನೋಡುತ್ತ ನಿಲ್ಲುತ್ತಿದ್ದೆ.

ಊಟದ್ದೇ ಕಷ್ಟವಾಯಿತು. ನಾನು ಮೀನು ಮಾಂಸ ಮುಟ್ಟುವವನಲ್ಲ ಎಂದಾಗ ಎಲೇನಿಯವರು ಕಾಯಿಲೆಯೇ ಎಂದು ಕೇಳಿದರು. ಕೊನೆಗೆ ರೊಟ್ಟಿಯ ಜೊತೆ ಒಂದು ಬಟ್ಟಲಲ್ಲಿ ಕಪ್ಪಗೆ, ಮಂದವಾಗಿ ಏನನ್ನೋ ತಂದಿಟ್ಟು "ಕಪ್ಪು ಜೇನು" ಎಂದರು. ಬೆರಳಿಗೆ ಹಚ್ಚಿಕೊಂಡು ನೆಕ್ಕಿದರೆ ನಮ್ಮ ಜೋನಿಬೆಲ್ಲ! ಹಾಲಮ್ಮ ತವರಿಗೆ ಹೋಗಿ ಬಂದಾಗಲೆಲ್ಲ ಸೊರಬದಿಂದ ಒಂದು ಗಡಿಗೆ ಜೋನಿಬೆಲ್ಲ ತರುತ್ತಿದ್ದಳು. ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಕೂತೆ. ಎಲೇನಿಯವರು ರುಚಿಯಾಗಿಲ್ಲವೆಂದು ತಿಳಿದು ಬಟ್ಟಲನ್ನು ಎತ್ತಿಕೊಂಡು ಹೋದರು. ಅದನ್ನು ವಾಪಸು ತರಿಸಲು ನನಗೆ ಮೂರು ದಿನ ಬೇಕಾಯಿತು.

ಮೇಣದ ಕೆಲಸಕ್ಕೆ ಬೇಕಾದದ್ದು ಒಂದು ಸೀಮೆಎಣ್ಣೆ ಸ್ಟೌ, ಅದರ ಮೇಲೊಂದು ಕಬ್ಬಿಣದ ತಗಡು, ತಗಡಿನ ಮೇಲೆ ಸಣ್ಣ ಡಬ್ಬಿಗಳು. ಒಂದರಲ್ಲಿ ಕಾವಿ, ಒಂದರಲ್ಲಿ ಹಳದಿ ಮಣ್ಣು, ಒಂದರಲ್ಲಿ ಮಸಿ, ಎಲ್ಲ ಕರಗಿದ ಮೇಣದಲ್ಲಿ. ಕುಂಚ ಅದ್ದಿ ಹಲಗೆ ಮುಟ್ಟಿಸುವಷ್ಟರಲ್ಲಿ ಬಣ್ಣ ಗಟ್ಟಿಯಾಗಿಬಿಡುತ್ತದೆ. ಆಮೇಲೆ ಕಾದ ಕಬ್ಬಿಣವನ್ನು ಮುಟ್ಟಿಯೂ ಮುಟ್ಟದ ಹಾಗೆ ಅದರ ಮೇಲೆ ಆಡಿಸಿ ಪದರಕ್ಕೆ ಪದರ ಬೆಸೆಯಬೇಕು. ತಗಡು ಹೆಚ್ಚು ಕಾದರೆ ಮೇಣ ಹೊಗೆಯಾಡುತ್ತದೆ, ಕಡಿಮೆಯಾದರೆ ಗಂಟುಕಟ್ಟುತ್ತದೆ.

ಮೊದಲ ದಿನವೇ ಎಡವಟ್ಟು ಮಾಡಿದೆ. "ತಗಡು ಕಾದಿದೆಯೇ ನೋಡಿ ಪ್ರೊಫೆಸರ್" ಎಂದರು. ನೋಡುವುದು ಹೇಗೆಂದು ನಮಗೆ ಯಾರಾದರೂ ಹೇಳಿಕೊಡಬೇಕೆ? ರೊಟ್ಟಿ ಹಂಚು ಕಾದಿದೆಯೇ ಎಂದು ಅವ್ವ, ಅತ್ತಿಗೆ ನೋಡುವುದನ್ನು ದಿನಾ ಕಂಡವನು. ಲೋಟದ ನೀರಿನಲ್ಲಿ ಬೆರಳದ್ದಿ ಚಿಮುಕಿಸಿದೆ. ಮೂರು ಹನಿ ತಗಡಿಗೆ ಬಿದ್ದು ಚುಂಯ್ ಎಂದವು. ಉಳಿದವು ಬಿಸಿ ಮೇಣದೊಳಕ್ಕೆ ಬಿದ್ದು ಸಿಡಿದು, ಕಾವಿ ಬಣ್ಣ ಗೋಡೆಗೆ, ಗಡಿಯಾರಕ್ಕೆ, ಎಲೇನಿಯವರ ಕನ್ನಡಕಕ್ಕೆ ಹಾರಿತು. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, "ನಿಮ್ಮ ಊರಿನಲ್ಲಿ ಇದು ಆಶೀರ್ವಾದವೇ?" ಎಂದು ಕೇಳಿದರು.

ಕೈರೋ, ಒಂದು ದಿನ

ಒಂದು ಶುಕ್ರವಾರ ರೈಲು ಹತ್ತಿ ಕೈರೋಗೆ ಹೋದೆ. ಬೆಳಿಗ್ಗೆ ಮ್ಯೂಸಿಯಂ, ಮಧ್ಯಾಹ್ನ ಪಿರಮಿಡ್ ಎಂದು ಲೆಕ್ಕ. ಮ್ಯೂಸಿಯಂನ ಒಂದು ಮೂಲೆಯಲ್ಲಿ ಆ ಮೇಣದ ಮುಖಗಳಿದ್ದವು. ಎರಡು ಸಾವಿರ ವರ್ಷದ ಹಿಂದೆ ಹೆಣದ ಮುಖದ ಮೇಲೆ ಕಟ್ಟಿ ಹೂಳುತ್ತಿದ್ದ ತೆಳು ಹಲಗೆಗಳು. ಗಡ್ಡದವನು, ಕಿವಿಯೋಲೆಯವಳು, ಮೀಸೆ ಈಗಷ್ಟೇ ಚಿಗುರುತ್ತಿರುವವನು. ಎಲ್ಲರದೂ ಅಗಲವಾದ ಕಣ್ಣು, ಎಲ್ಲರೂ ನೆಟ್ಟಗೆ ನನ್ನನ್ನೇ ನೋಡುತ್ತಿದ್ದರು.

ಒಬ್ಬಳ ಮುಂದೆ ನಿಂತೆ. ಇಪ್ಪತ್ತು ವರ್ಷವಿರಬಹುದು. ಅವಳಿಗೆ ಯಾರಿದ್ದರೋ, ಗಂಡನಿದ್ದನೋ ಏನೋ. ಅವಳನ್ನು ಕೂರಿಸಿಕೊಂಡು, ಕಣ್ಣಲ್ಲಿ ಕಣ್ಣಿಟ್ಟು ಯಾರೋ ನೋಡಿದ್ದಾರೆ. ಅಷ್ಟು ಹೊತ್ತು ನೋಡಿಸಿಕೊಂಡ ಮುಖ ಅದು. ನಾನು ಅಲ್ಲಿಂದ ಕದಲಲಿಲ್ಲ. ಬಾಗಿಲು ಹಾಕುವ ಗಂಟೆ ಬಾರಿಸಿದಾಗ ಪಹರೆಯವನು ನನ್ನ ತೋಳು ಹಿಡಿದು ಹೊರಗೆ ತಂದು ಬಿಟ್ಟ. ಪಿರಮಿಡ್ಡು ಹೀಗೆ ತಪ್ಪಿತು.

ಎದುರುಬದುರು

ಎಲೇನಿಯವರ ಹತ್ತಿರ ನನ್ನ ಜೊತೆ ಕಲಿಯುತ್ತಿದ್ದವಳು ನಾದಿಯಾ, ಅಲ್ಲಿನ ಶಾಲೆಯೊಂದರ ಉಪಾಧ್ಯಾಯಿನಿ. ಒಂದು ದಿನ ನಮ್ಮಿಬ್ಬರನ್ನೂ ಎದುರುಬದುರು ಕೂರಿಸಿ, ಕಾಲು ಗಂಟೆ ಏನನ್ನೂ ಬರೆಯದೆ ಒಬ್ಬರ ಮುಖ ಒಬ್ಬರು ನೋಡಬೇಕೆಂದು ಎಲೇನಿಯವರು ಹೇಳಿದರು. ನಾದಿಯಾ ನೋಡಿದಳು. ನಾನು ಅವಳ ಕಿವಿ ನೋಡಿದೆ, ಅವಳ ಹಿಂದಿನ ಕಿಟಕಿ ನೋಡಿದೆ, ನನ್ನ ಬೂಟು ನೋಡಿದೆ. ಕಾಲು ಗಂಟೆ ಮುಗಿದಾಗ ಅಂಗಿ ಬೆವರಿನಿಂದ ತೊಯ್ದಿತ್ತು.

"ಅವರು ನನಗೆ ಹೆದರಿಕೊಂಡರು" ಎಂದು ನಾದಿಯಾ ನಕ್ಕಳು.

ಎಲೇನಿಯವರು ನಗಲಿಲ್ಲ. ನಾನು ಆವರೆಗೆ ಬರೆದಿದ್ದ ಚಿತ್ರಗಳನ್ನೆಲ್ಲ ತಂದು ನೆಲದ ಮೇಲೆ ಹರಡಿದರು. ತರಕಾರಿ ಗಾಡಿಯವನು, ಬಾಗಿಲು ಕಾಯುವ ಮುದುಕ, ಬೆಸ್ತರು, ಗಂಡಸರೆಲ್ಲ ನೆಟ್ಟಗೆ ನೋಡುತ್ತಿದ್ದರು. ಹೆಂಗಸರೆಲ್ಲ ಪಕ್ಕಕ್ಕೆ ತಿರುಗಿದ್ದರು, ಇಲ್ಲವೆ ಬೆನ್ನು ಹಾಕಿದ್ದರು.

"ನಿಮ್ಮ ದೇಶದ ಹೆಂಗಸರಿಗೆ ಒಂದೇ ಕಣ್ಣೇ?" ಎಂದರು ಎಲೇನಿಯವರು.

ಆ ಮಧ್ಯಾಹ್ನ ಮೊದಲ ಬಾರಿಗೆ ಅವರಿಗೆ ಹಾಲಮ್ಮನ ವಿಷಯ ಹೇಳಿದೆ. "ಅವಳು ನಿಮ್ಮನ್ನು ನೋಡಿದಾಗ ಹೇಗೆ ಕಾಣುತ್ತಿದ್ದಳು? ಅದನ್ನು ಹೇಳಿ" ಎಂದರು. ಕಣ್ಣು ಮುಚ್ಚಿಕೊಂಡು ಹುಡುಕಿದೆ. ಒಲೆಯ ಮುಂದೆ ಕೂತ ಹಾಲಮ್ಮ ಕಂಡಳು. ಸಾಲಾಗಿ ಕೂತ ಗಂಡಸರಿಗೆ ಬಗ್ಗಿ ಬಡಿಸುವ ಹಾಲಮ್ಮ, ತಲೆಯ ಮೇಲಿನ ಸೆರಗು, ಕಿವಿಯ ಬೆಂಡೋಲೆ, ಕತ್ತಿನ ಹಿಂದೆ ಅಂಟಿಕೊಂಡ ಕೂದಲು, ಅಂಗೈಗೆ ಮೆತ್ತಿದ ಜೋಳದ ಹಿಟ್ಟು, ಎಲ್ಲ ಕಂಡವು. ನೆಟ್ಟಗೆ ನನ್ನನ್ನು ನೋಡುವ ಹಾಲಮ್ಮ ಎಲ್ಲೂ ಇರಲಿಲ್ಲ.

ಇದ್ದರೆ ತಾನೆ ಸಿಗುವುದು! ಹಗಲು ಹೊತ್ತು ಹಿರಿಯರ ಮುಂದೆ ಗಂಡ ಹೆಂಡತಿ ಮಾತಾಡಬಾರದು, ಮುಖ ಕೊಟ್ಟು ನೋಡಬಾರದು. ಅವಳು ಕೆಲಸ ಮುಗಿಸಿ ಕೋಣೆಗೆ ಬರುವಷ್ಟರಲ್ಲಿ ಅಪ್ಪನ ಅಪ್ಪಣೆಯಂತೆ ಮನೆಯ ದೀಪಗಳೆಲ್ಲ ಆರಿರುತ್ತಿದ್ದವು. ಕತ್ತಲಲ್ಲಿ ಅವಳ ದನಿ ಕೇಳಿದ್ದೇನೆ. ಮದುವೆಯ ದಿನ ಒಮ್ಮೆ ಎದುರುಬದುರು ನಿಂತಿದ್ದೆವು; ಅವತ್ತು ಇಬ್ಬರ ಮುಖಕ್ಕೂ ಬಾಸಿಂಗ ಅಡ್ಡವಿತ್ತು.

ಸಂಜೆ ಸಮುದ್ರದ ದಂಡೆಯ ರಸ್ತೆಯಲ್ಲಿ ನಡೆದೆ. ಆ ಊರಿನಲ್ಲಿ ಗಂಡ ಹೆಂಡಿರು ತೋಳು ಹಿಡಿದುಕೊಂಡು ತಿರುಗಾಡುತ್ತಾರೆ. ಕಾಫಿ ಅಂಗಡಿಯೊಂದರ ಮುಂದೆ ವಯಸ್ಸಾದ ಜೋಡಿಯೊಂದು ಮೇಜಿನ ಆಚೀಚೆ ಕೂತಿತ್ತು. ಮಾತಿಲ್ಲ. ಆಕೆ ಅವನ ಮುಖ ನೋಡುತ್ತಿದ್ದಳು, ಅವನು ಆಕೆಯ ಮುಖ ನೋಡುತ್ತಿದ್ದ, ಮಧ್ಯೆ ಕಾಫಿ ಆರುತ್ತಿತ್ತು. ನನಗೆ ಅಳು ಬಂತು. ಗಾಳಿಗೆ ಕಣ್ಣಲ್ಲಿ ಮರಳು ಬಿತ್ತೆಂದುಕೊಂಡು ಮಾಣಿಯೊಬ್ಬ ಓಡಿಬಂದು ನೀರು ಕೊಟ್ಟ.

ಮೂರು ಮುಖ

ಆದರೂ ಬಿಡಲಿಲ್ಲ. ಗಿರಿಜಳಿಗೆ ಮಾತು ಕೊಟ್ಟಿದ್ದೆನಲ್ಲ. ನೆಟ್ಟಗೆ ನೋಡುವ ಹಾಲಮ್ಮನನ್ನು ಬರೆಯಲು ಕೂತೆ. ಮೊದಲನೆಯ ಹಲಗೆಯಲ್ಲಿ ನಾದಿಯಾಳ ಕಣ್ಣು ಬಂತು. ಕಾಯಿಸಿ ಹೆರೆದು ತೆಗೆದೆ. ಎರಡನೆಯ ಸಲ ನಮ್ಮವ್ವ ಬಂದಳು. ಅದನ್ನೂ ಹೆರೆದೆ. ಮೂರನೆಯದು ಕೈರೋದ ಮ್ಯೂಸಿಯಂನ ಹುಡುಗಿ. ಬೆಂಡೋಲೆ ಮಾತ್ರ ಸೊರಬದ್ದು. ಹೆರೆದ ಮೇಣವನ್ನೆಲ್ಲ ಒಂದು ಡಬ್ಬಿಗೆ ಹಾಕುತ್ತಿದ್ದೆ. ಮೂರು ಮುಖವೂ ಕಲೆತು ಕೆಸರಿನ ಬಣ್ಣಕ್ಕೆ ತಿರುಗಿತ್ತು.

ಅಷ್ಟರಲ್ಲಿ ಎಲೇನಿಯವರ ಮನೆಯಲ್ಲಿ ಪೆಟ್ಟಿಗೆಗಳು ತುಂಬತೊಡಗಿದ್ದವು. ಆ ಊರಿನ ಗ್ರೀಕರು ಒಬ್ಬೊಬ್ಬರಾಗಿ ಹಡಗು ಹತ್ತುತ್ತಿದ್ದ ಕಾಲ. ಅಥೆನ್ಸಿನಲ್ಲಿದ್ದ ತಮ್ಮ ಇವರನ್ನೂ ಕರೆಸಿಕೊಳ್ಳುತ್ತಿದ್ದ.

"ನಿಮ್ಮ ದೇಶಕ್ಕೆ ಹೋಗುತ್ತಿದ್ದೀರಿ, ಸಂತೋಷವಲ್ಲವೆ?" ಎಂದೆ.

"ಅಥೆನ್ಸನ್ನು ನಾನು ನೋಡಿಯೇ ಇಲ್ಲ" ಎಂದರು. "ನನ್ನ ದೇಶ ಈ ಬೀದಿ. ಅಲ್ಲಿ ಬುಟ್ಟಿ ಇಳಿಬಿಟ್ಟರೆ ಯಾರು ತುಂಬುತ್ತಾರೆ?"

ಆಮೇಲೆ ನನ್ನ ಕೆಸರಿನ ಡಬ್ಬಿಯನ್ನು ಕೈಗೆತ್ತಿಕೊಂಡು ನೋಡಿದರು. "ಪ್ರೊಫೆಸರ್, ನೋಡದೇ ಇದ್ದದ್ದನ್ನು ಮೇಣ ಎಲ್ಲಿಂದ ತಂದುಕೊಡುತ್ತದೆ? ನೀವು ಕಂಡದ್ದನ್ನು ಬರೆಯಿರಿ. ಅಷ್ಟಾದರೂ ಅವಳದ್ದಾಗಿರಲಿ."

ಎರಡೇ ದಿನದಲ್ಲಿ ಮುಗಿಯಿತು. ಒಲೆಯ ಮುಂದೆ ಕೂತು ತಲೆ ಬಗ್ಗಿಸಿದ ಹಾಲಮ್ಮ. ಹಣೆಯವರೆಗೆ ಸೆರಗು, ಸೆರಗಿನ ಕೆಳಗೆ ಕಿವಿ, ಬೆಂಡೋಲೆ, ಬೆಂಕಿಯ ಕೆಂಪು ತಾಗಿದ ಒಂದು ಕೆನ್ನೆಯಂಚು, ಕತ್ತು. ಕೈ ಒಮ್ಮೆಯೂ ತಡವರಿಸಲಿಲ್ಲ. ಕೊನೆಯ ಸಲ ಕಾದ ಕಬ್ಬಿಣ ಆಡಿಸಿದಾಗ ಆ ಕೆನ್ನೆ ಬೆಚ್ಚಗಾದಂತೆ ಕಂಡಿತು. ಇಂಥ ಚಿತ್ರ ನಾನು ಹಿಂದೆ ಬರೆದಿರಲಿಲ್ಲ, ಮುಂದೆ ಬರೆಯುತ್ತೇನೆಂಬ ಭರವಸೆಯೂ ಇಲ್ಲ. ಎಲೇನಿಯವರು ತುಂಬ ಹೊತ್ತು ನೋಡಿ, ತಾವು ಪ್ಯಾಕು ಮಾಡಿದ್ದ ಉಣ್ಣೆಯ ಶಾಲೊಂದನ್ನು ಮತ್ತೆ ಬಿಚ್ಚಿ, ಅದರಲ್ಲಿ ಹಲಗೆ ಸುತ್ತಿಕೊಟ್ಟರು.

ಮತ್ತೆ ಸೊರಬ

ಕೆಂಪು ಸಮುದ್ರದ ಸೆಕೆಗೆ ಮೇಣ ಕರಗೀತೆಂದು ಹಡಗಿನಲ್ಲಿ ದಿನಕ್ಕೆ ಹತ್ತು ಸಲ ಶಾಲಿನೊಳಗೆ ಕೈ ಹಾಕಿ ನೋಡಿದೆ. ಏನೂ ಆಗಲಿಲ್ಲ. ಶಿಕಾರಿಪುರದ ಮನೆಯಲ್ಲಿ ಬಿಚ್ಚಿ ತೋರಿಸಿದಾಗ ಅತ್ತಿಗೆ "ಥೇಟ್ ಹಾಲಮ್ಮನೇ!" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಅಪ್ಪ ಕೂಡ ನೋಡಿ ತಲೆಯಾಡಿಸಿದರು. ನನಗೆ ಹೆಮ್ಮೆಯಾಯಿತು. ಮಾರನೆಯ ದಿನವೇ ಸೊರಬಕ್ಕೆ ಹೊರಟೆ. ಶಿರಾಳಕೊಪ್ಪದಲ್ಲಿ ಕಂಡಕ್ಟರು "ಹಲಗಿ ಟಾಪಿಗೆ ಹಾಕ್ರಿ" ಎಂದು ಜಗಳಕ್ಕೆ ಬಂದ. ಮೇಲಿನ ಬಿಸಿಲು ತೋರಿಸಿ, ಬೇಕಾದರೆ ನಾನೇ ಟಾಪಿಗೆ ಹೋಗುತ್ತೇನೆ, ಹಲಗೆ ಒಳಗಿರಲಿ ಎಂದೆ. ಅವನು ನನ್ನನ್ನು ಒಂದು ಥರ ನೋಡಿ ಸೀಟಿ ಊದಿದ.

ಸೊರಬದ ಮನೆಯ ಪಡಸಾಲೆಯಲ್ಲಿ ಶಾಲು ಬಿಚ್ಚಿ ಚಿತ್ರವನ್ನು ಗೋಡೆಗೆ ಒರಗಿಸಿದೆ. ಗಿರಿಜ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಮುಟ್ಟಬಾರದ್ದನ್ನು ನೋಡುವವಳ ಹಾಗೆ ನಿಂತಳು. ಬಾಗಿಲ ಹಿಂದೆ ಬಳೆಗಳ ಸದ್ದಾಯಿತು. ಆಮೇಲೆ ನಮ್ಮತ್ತೆ ಹೊಸ್ತಿಲು ದಾಟಿ ಪಡಸಾಲೆಗೇ ಬಂದು ನನ್ನ ಎದುರಿಗೆ ನಿಂತುಬಿಟ್ಟರು. ನಾನು ಗಡಬಡಿಸಿ ಎದ್ದೆ. ಅವರು ನನ್ನನ್ನು ಗಮನಿಸಲೇ ಇಲ್ಲ.

"ಕಿವಿ ಅದ್ರದ್ದೇ. ಕತ್ತೂ ಅದ್ರದ್ದೇ" ಎಂದರು. ಬಗ್ಗಿ ಇನ್ನೂ ಹತ್ತಿರದಿಂದ ನೋಡಿ ಹೇಳಿದರು: "ಆದ್ರೆ ನಮ್ಮನೇಲಿ ಅದು ಯಾವತ್ತೂ ಹಿಂಗೆ ತಲೆ ಬಗ್ಸಿದ್ದಿಲ್ಲ ಅಳಿಯಂದ್ರೆ. ತಲೆ ಎತ್ಕೊಂಡೇ ಓಡಾಡ್ತಿತ್ತು. ನಕ್ರೆ ಆಚೆ ಬೀದಿಗೆ ಕೇಳ್ತಿತ್ತು. ಅವರಪ್ಪ ಬೈದ್ರೂ ಅವರ ಮುಖಾನೇ ನೋಡ್ತಾ ನಗ್ತಿತ್ತು."

ನಾನು ಬಿಚ್ಚಿದ ಶಾಲನ್ನು ಮಡಿಸತೊಡಗಿದೆ.

"ನಿಮ್ಮನೇಲಿ ಮೂರು ವರ್ಷನೂ ಹಿಂಗೇ ಇತ್ತಾ?"

"ಹೌದು" ಎಂದೆ.

ಅವರು ಅಲ್ಲೇ ಚಿತ್ರದ ಮುಂದೆ ಕೂತುಬಿಟ್ಟರು. ಅವರು ನಗುವ ಹಾಲಮ್ಮನನ್ನು ಹದಿನೆಂಟು ವರ್ಷ ನೋಡಿದವರು. ಆ ನಗುವಿನ ಬಗ್ಗೆ ಅವರನ್ನು ಒಂದು ಮಾತೂ ಕೇಳದೆ ನಾನು ಸಮುದ್ರ ದಾಟಿ ಹೋಗಿದ್ದೆ.

ಗಿರಿಜ ಮೆಲ್ಲಗೆ ಮುಂದೆ ಬಂದಳು. ಚಿತ್ರದ ಹತ್ತಿರ ಮೊಣಕಾಲೂರಿ, ಕೆನ್ನೆಯನ್ನು ನೆಲಕ್ಕೆ ತಾಗಿಸಿ, ಕತ್ತು ಹೊರಳಿಸಿ ಮೇಲಕ್ಕೆ ನೋಡತೊಡಗಿದಳು.

"ಏನ್ ಮಾಡ್ತಿದೀಯೇ?" ಎಂದರು ಅಜ್ಜಿ.

"ಕೆಳಗಿಂದ ನೋಡಿದ್ರೆ ಅವ್ವನ ಮುಖ ಕಾಣುತ್ತೇನೋ ಅಂತ."

ನಾನೂ ಅವಳ ಪಕ್ಕದಲ್ಲಿ ಮೊಣಕಾಲೂರಿದೆ. ಕೆನ್ನೆಗೆ ಸಾರಿಸಿದ ನೆಲದ ತಂಪು ತಾಗಿತು. ಮೇಲಕ್ಕೆ ನೋಡಿದೆ. ಕಾಣಲಿಲ್ಲ. ಆ ಮೂರು ವರ್ಷದಲ್ಲಿ ಒಂದು ಸಲ ಹೀಗೆ ಬಗ್ಗಿ ನೋಡಿದ್ದರೆ ಕಾಣುತ್ತಿತ್ತು.